ದವಡೆ ಹಲ್ಲು

ಮಗದುಮ್ಮರ ಮನೆಯ ಜಗಳ ಶುರುವಾದದ್ದು ರೊಟ್ಟಿಯಿಂದ.

ಮಂಗಸೂಳಿ ದಾಟಿ ಅಥಣಿ ಕಡೆಗೆ ಹೊರಟರೆ ಬಲಕ್ಕೆ ಅವರ ದ್ರಾಕ್ಷಿ ತೋಟ, ತೋಟಕ್ಕೆ ಹತ್ತಿಕೊಂಡೇ ಮನೆ. ಮನೆಯಲ್ಲಿ ಐದು ಜನ. ಯಜಮಾನ ಕಾಕಾಸಾಹೇಬನಿಗೆ ಅರವತ್ತನಾಲ್ಕು. ಪಂಪ್ ಶೆಡ್ಡಿನಲ್ಲಿ ಸೇರಿಕೊಂಡಿದ್ದ ನಾಗರಹಾವನ್ನು ಬರಿಯ ಕೋಲಿನಿಂದ ಎತ್ತಿ ಹಳ್ಳಕ್ಕೆ ಬಿಟ್ಟು ಬಂದವನು. ಕೃಷ್ಣೆಗೆ ಮಹಾಪೂರ ಬಂದ ವರ್ಷ ಸತ್ತಿ ಊರಿನಲ್ಲಿದ್ದ ತಂಗಿಯ ಮನೆಗೆ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ಎರಡು ಎಮ್ಮೆ ಬಿಚ್ಚಿಕೊಂಡು ಬಂದವನು. ಈ ಎರಡನ್ನೂ ವಾರಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿದ್ದ. ಹೆಂಡತಿ ಜಿನಮತಿ ಪ್ರತಿ ಸಲವೂ ಮೊದಲ ಸಲ ಕೇಳಿದಂತೆ ಕೇಳುತ್ತಿದ್ದಳು. ಮಗ ಶ್ರೇಣಿಕ ತೋಟ ನೋಡಿಕೊಳ್ಳುತ್ತಿದ್ದ. ಸೊಸೆ ಕಾಜಲ ನಿಪ್ಪಾಣಿಯವಳು. ಮೊಮ್ಮಗಳು ಬ್ರಾಹ್ಮಿಗೆ ಎಂಟು ವರ್ಷ.

ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಉಳಿದವರು ಒಂದು ಲೋಟ ಹಾಲನ್ನಾದರೂ ಕುಡಿದಾರು, ಕಾಕಾಸಾಹೇಬನದು ಮಾತ್ರ ಕಟ್ಟುನಿಟ್ಟು. ಸೂರ್ಯ ಕಬ್ಬಿನ ಹೊಲದ ಹಿಂದೆ ಇಳಿದನೆಂದರೆ ಬಾಯಿ ಮುಚ್ಚಿತು. ಹಾಗಾಗಿ ಸಂಜೆ ಐದೂವರೆಗೇ ತಾಟು ಬೀಳುತ್ತಿದ್ದವು.

ಫೆಬ್ರುವರಿಯ ಮೊದಲ ವಾರದ ಒಂದು ಸಂಜೆ ಕಾಕಾಸಾಹೇಬ ರೊಟ್ಟಿ ಮುರಿದು, ಮಡಕೆ ಕಾಳಿನ ಪಲ್ಯ ಹಚ್ಚಿ ಬಾಯಿಗಿಟ್ಟ. ಎರಡು ಸಲ ಅಗಿದವನು ತಟ್ಟನೆ ನಿಲ್ಲಿಸಿದ. ಕಣ್ಣಲ್ಲಿ ನೀರು ಬಂತು.

"ಇದು ರೊಟ್ಟಿ ಅಲ್ಲ, ಮನಿ ಮ್ಯಾಲಿನ ಹಂಚು," ಅಂದ.

ಕಾಜಲ ಕೈಯಲ್ಲಿದ್ದ ಮಜ್ಜಿಗೆಯ ಚರಿಗೆಯನ್ನು ಕೆಳಗಿಟ್ಟಳು. "ದಿನಾ ಇಂಥಾವ ತಿಂತೀರಲ್ರಿ ಮಾವಾರ."

"ಹತ್ತು ವರ್ಷ ಆತು. ನಿಪ್ಪಾಣಿ ಮಂದಿಗೆ ರೊಟ್ಟಿ ಬಡ್ಯಾಕ ಬರಲಿಲ್ಲ ಅಂದ್ರ ಬರಲಿಲ್ಲ."

"ಅಪ್ಪಾ, ರೊಟ್ಟಿ ಛೊಲೋ ಅದಾವಲ್ಲ," ಅಂದ ಶ್ರೇಣಿಕ.

"ನೀ ಸುಮ್ನ ಉಣ್ಣು. ನಿನಗ ಕಲ್ಲು ಕೊಟ್ರೂ ಛೊಲೋ ಅಂತಿ."

ಮರುದಿನ ಕಾಜಲ ಒಲೆಯ ಹತ್ತಿರ ಹೋಗಲಿಲ್ಲ. ಮೊಣಕಾಲು ನೋವಿನ ಜಿನಮತಿಯೇ ಮಣೆ ಹಾಕಿಕೊಂಡು ಕುಳಿತು ಎಂಟು ರೊಟ್ಟಿ ಬಡಿದಳು. ಕಾಕಾಸಾಹೇಬ ಒಂದು ತುತ್ತು ಅಗಿದು, ದವಡೆ ಹಿಡಿದುಕೊಂಡು ಸೊಸೆಯ ಕಡೆ ನೋಡಿದ.

"ಇವತ್ತೂ ಹಂಗ ಮಾಡಿಯಲ್ಲ ಬೇ ಕಾಜಲ!"

"ಅವು ನಾ ಬಡದದ್ದು," ಅಂದಳು ಜಿನಮತಿ.

ಬ್ರಾಹ್ಮಿ ತಾಟಿಗೆ ಮುಖ ಬಗ್ಗಿಸಿ ನಕ್ಕಳು.

"ಹಂಗಾದ್ರ ಹಿಟ್ಟು ಕೆಟ್ಟದ," ಅಂದ ಕಾಕಾಸಾಹೇಬ. "ಆ ವಿಠೋಬಾನ ಗಿರಣಿ ಕಲ್ಲು ಸವದಾವ."

ಈ ಮಾತು ಯಾರ ಬಾಯಿಂದ ಹೋಯಿತೋ, ಎರಡು ದಿನಕ್ಕೆ ಹಿಟ್ಟಿನ ಗಿರಣಿಯ ವಿಠೋಬಾನನ್ನು ಮುಟ್ಟಿತು. ಅವನು ಮೈಮೇಲಿನ ಹಿಟ್ಟು ಕೊಡವದೆಯೇ ಮನೆಗೆ ಬಂದ. "ಮೊನ್ನೆ ಹೊಸಾ ಕಲ್ಲು ಹಾಕ್ಸೀನ್ರಿ. ರೊಟ್ಟಿ ತರ್ರಿ, ನೋಡೋಣ," ಅಂದು ಕಟ್ಟೆಯ ಮೇಲೆ ಕುಳಿತ. ಜಿನಮತಿ ಎರಡು ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು. ಎರಡನ್ನೂ ಕರಂ ಕುರುಂ ಎಂದು ಮುಗಿಸಿ ಮೂರನೆಯದನ್ನು ಕೇಳಿ ಇಸಿದುಕೊಂಡ. ಅವನ ಬಾಯಲ್ಲಿ ಮುಂದಿನ ಎರಡು ಹಲ್ಲೇ ಇರಲಿಲ್ಲ.

"ಇಷ್ಟು ಮೆತ್ತಗ ಅದಾವ, ಮಾಲಕ್ರ. ನಿಮಗೇನಾಗೇತಿ?" ಅಂದ.

"ಏನೂ ಆಗಿಲ್ಲ," ಅಂದ ಕಾಕಾಸಾಹೇಬ. ಅಂದು ತೋಟದೊಳಗೆ ಹೋದವನು ವಿಠೋಬಾ ಎದ್ದು ಹೋಗುವವರೆಗೂ ಹೊರಗೆ ಬರಲಿಲ್ಲ.

ಆಗಿದ್ದೇನೆಂದು ಮೊದಲು ಕಂಡುಹಿಡಿದವಳು ಬ್ರಾಹ್ಮಿ. ಅಜ್ಜ ಎಡಗಡೆಯಿಂದ ಮಾತ್ರ ಅಗಿಯುತ್ತಾನೆ, ನೀರು ಕುಡಿಯುವಾಗ ತಲೆಯನ್ನು ಎಡಕ್ಕೆ ಬಾಗಿಸುತ್ತಾನೆ ಎಂದು ಊಟದ ನಡುವೆಯೇ ವರದಿ ಕೊಟ್ಟಳು. "ಅಜ್ಜಾ, ಬಾಯಿ ಆ ಮಾಡ್ರಿ," ಅಂದಳು. ಅಜ್ಜ ಮಾಡಲಿಲ್ಲ. ಆದರೆ ಅಂದಿನಿಂದ ಜಿನಮತಿ ದೇವರ ಮನೆಯ ಡಬ್ಬಿಯಿಂದ ಲವಂಗ ತೆಗೆದು ಕೊಡತೊಡಗಿದಳು. ಲವಂಗವಾಯಿತು, ಉಪ್ಪುನೀರಾಯಿತು, ಕರ್ಪೂರವಾಯಿತು. ಹತ್ತು ನಿಮಿಷದ ಊಟಕ್ಕೆ ಈಗ ಒಂದು ತಾಸು ಬೇಕಾಗುತ್ತಿತ್ತು. ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ ಅರ್ಧ ಮುಗಿಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಕಾಕಾಸಾಹೇಬ ಕಿಟಕಿಯ ಕಡೆ ನೋಡಿ, ತಾಟಿನ ಕಡೆ ನೋಡಿ, ಕೈ ತೊಳೆದುಕೊಂಡು ಏಳುತ್ತಿದ್ದ.

"ನಾಳಿಂದ ನಾಕಕ್ಕ ಕೂಡ್ರಿ," ಅಂದಳು ಜಿನಮತಿ.

"ನಾಕಕ್ಕ ಕೂಸುಗೋಳ ಉಣ್ತಾವ," ಅಂದು ಹಸಿದ ಹೊಟ್ಟೆಯಲ್ಲೇ ಮಲಗುತ್ತಿದ್ದ. ಬೆಳಿಗ್ಗೆ ಎದ್ದು ಎಲ್ಲರ ಮೇಲೂ ಹರಿಹಾಯುತ್ತಿದ್ದ. ಹಾಲು ತಣ್ಣಗಾಯಿತೆಂದು ಒಬ್ಬರ ಮೇಲೆ, ಬಿಸಿಯಾಯಿತೆಂದು ಇನ್ನೊಬ್ಬರ ಮೇಲೆ. ಕಾಜಲ ರೊಟ್ಟಿಯ ಮಾತನ್ನು ಮರೆತಿರಲಿಲ್ಲ. ಅತ್ತೆಯ ಮೊಣಕಾಲು ನೋಡಲಾರದೆ ಮತ್ತೆ ಒಲೆಯ ಮುಂದೆ ಕುಳಿತರೂ, ರೊಟ್ಟಿ ಬಡಿಯುವ ಸಪ್ಪಳ ರಸ್ತೆಗೆ ಕೇಳುತ್ತಿತ್ತು.

ಹಲ್ಲಿನ ನೋವು ಮನೆಯೊಳಗೇ ಇದ್ದಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಅದೇ ವಾರ ಮಹಾರಾಷ್ಟ್ರದ ತಾಸಗಾಂವದ ವ್ಯಾಪಾರಿ ವಿಕ್ರಾಂತ ದ್ರಾಕ್ಷಿ ನೋಡಲು ಬಂದ. ಹಣ್ಣು ತಯಾರಾಗಿ ನಿಂತಿತ್ತು. ಹತ್ತು ಹದಿನೈದು ದಿನದಲ್ಲಿ ಕೊಯ್ಯದಿದ್ದರೆ ಗೊಂಚಲಲ್ಲೇ ಒಡೆಯುವುದು ಖಂಡಿತ. ಪ್ರತಿ ವರ್ಷದಂತೆ ಕಾಕಾಸಾಹೇಬ ಒಂದು ಗೊಂಚಲು ಕತ್ತರಿಸಿ, ಮೊದಲ ಹಣ್ಣನ್ನು ತಾನೇ ಬಾಯಿಗೆ ಹಾಕಿಕೊಂಡು, "ಸಕ್ಕರಿ ನೋಡ್ರಿ, ಸಕ್ಕರಿ!" ಎನ್ನಬೇಕಿತ್ತು. ಬೆಳಗಿನ ತಣ್ಣನೆಯ ಹಣ್ಣು, ಅದರ ತುಂಬ ಸಿಹಿ. ಕಚ್ಚಿದ ಕೂಡಲೇ ರಸ ನೇರವಾಗಿ ಆ ಹಲ್ಲಿಗೆ ಹೋಯಿತು. ಕಾಕಾಸಾಹೇಬನ ಒಂದು ಕಣ್ಣು ಮುಚ್ಚಿತು, ಮೂಗು ಸೊಟ್ಟಗಾಯಿತು, ಟೊಪ್ಪಿಗೆ ಜಾರಿತು.

"ಸಕ್... ಸಕ್ಕರಿ," ಅಂದ.

ವಿಕ್ರಾಂತ ತನ್ನ ಕೈಯಲ್ಲಿದ್ದ ಹಣ್ಣನ್ನು ಬಾಯಿಗೆ ಹಾಕಿಕೊಳ್ಳಲೇ ಇಲ್ಲ. "ಕಾಯ್ ಮಾಲಕ, ಏನಿದು! ಸಕ್ಕರಿ ತಿಂದೋರ ಮಾರಿ ಹಿಂಗ ಆಕ್ಕೇತಿ? ಇನ್ನೂ ಹುಳಿ ಐತಿ ಅನ್ರಿ. ನಾ ಬರೂ ಸೋಮವಾರ ಬಿಟ್ಟು ಮುಂದಿನ ಸೋಮವಾರ ಬರ್ತೀನಿ." ಅಂದು ಗಾಡಿ ಹತ್ತಿ, ಪಕ್ಕದ ತೋಟದವರ ಕಡೆ ಹೋದ.

ಶ್ರೇಣಿಕ ತಲೆಯ ಮೇಲೆ ಕೈ ಹೊತ್ತುಕೊಂಡ. "ಅಪ್ಪಾ, ನಡೀರಿ ಈಗ. ಅಥಣಿಗೆ ಹೋಗಿ ಹಲ್ಲು ತೋರಸೋಣ."

ವ್ಯಾಪಾರಿ ಹೋದ ದಾರಿಯನ್ನೇ ನೋಡುತ್ತಿದ್ದ ಕಾಕಾಸಾಹೇಬನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಅಪ್ಪ ಮಗ ಕಾರಿನಲ್ಲಿ ಹೋದರು.

ಎರಡು ತಾಸಿನ ಮೇಲೆ ಕಾಕಾಸಾಹೇಬ ಒಬ್ಬನೇ ಬಸ್ಸಿನಿಂದ ಇಳಿದು, ಬರಿಗಾಲಲ್ಲಿ ಮನೆಗೆ ನಡೆದು ಬಂದ.

"ಶ್ರೇಣಿಕ ಎಲ್ಲಿರಿ?" ಅಂದಳು ಜಿನಮತಿ.

"ಅಲ್ಲೇ ಅದಾನ."

"ಚಪ್ಪಲಿ?"

"ಅವೂ ಅಲ್ಲೇ ಅದಾವ."

ಇನ್ನೊಂದು ತಾಸಿಗೆ ಶ್ರೇಣಿಕ ಬಂದ, ಕೈಯಲ್ಲಿ ಅಪ್ಪನ ಚಪ್ಪಲಿ. ನಡೆದದ್ದು ಇಷ್ಟು. ದವಾಖಾನೆಯಲ್ಲಿ ಸಾಲಿಗೆ ಕುಳಿತಿದ್ದರು. ಒಳಗಿನಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ಬಂತು. "ಬೋರ್ ಹೊಡ್ಯಾಕತ್ತಾರೇನ್ ಒಳಗ?" ಎಂದು ಕೇಳಿದ ಕಾಕಾಸಾಹೇಬ, ಸ್ವಲ್ಪ ಹೊತ್ತಿಗೆ ಸಂಡಾಸಕ್ಕೆ ಹೋಗಿ ಬರುತ್ತೇನೆಂದು ಎದ್ದ. ಚಪ್ಪಲಿ ಮುಂದಿನ ಬಾಗಿಲಲ್ಲಿದ್ದವು, ಮಗ ಅವುಗಳ ಪಕ್ಕದಲ್ಲೇ ಕುಳಿತಿದ್ದ. ಹಾಗಾಗಿ ಹಿಂದಿನ ಬಾಗಿಲು. ಶ್ರೇಣಿಕ ಸಂಡಾಸದ ಬಾಗಿಲನ್ನು ಮೂರು ಸಲ ಬಡಿದಿದ್ದ. ಒಳಗಿದ್ದದ್ದು ಬೇರೆ ಯಾರೋ, ಬಾಯಿಗೆ ಬಂದಂತೆ ಬೈದಿದ್ದರು.

ಸಂಜೆ ಊಟಕ್ಕೆ ಕುಳಿತಾಗ ಈ ವಿಷಯವನ್ನು ಯಾರೂ ಎತ್ತಲಿಲ್ಲ. ಬ್ರಾಹ್ಮಿ ಎತ್ತಿದಳು.

"ಅಜ್ಜಾ, ನಿಮಗ ಅಂಜಿಕಿ ಆತೇನ್ರಿ?"

"ಅಂಜಿಕಿ? ನನಗ?" ಕಾಕಾಸಾಹೇಬ ತಾಟು ಸರಿಸಿದ. "ನಾಗರಹಾವು ಹಿಡದ ಕೈ ಇದು!"

"ಹಾವಿಗೆ ಅಂಜ್ಲಿಲ್ಲ ಖರೆ. ಹಲ್ಲಿಗೆ ಅಂಜೀರಿ," ಅಂದಳು ಜಿನಮತಿ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇಂಥ ಮಾತನ್ನು ಅವಳು ಆಡಿರಲಿಲ್ಲ. ಆಡಿದ ಮೇಲೆ ತನಗೇ ಗಾಬರಿಯಾಗಿ, ಯಾರೂ ಕೇಳದಿದ್ದರೂ ಎಲ್ಲರಿಗೂ ಪಲ್ಯ ಬಡಿಸಿದಳು.

ಕಾಕಾಸಾಹೇಬ ಸುತ್ತ ನೋಡಿದ. ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು. ಕಾಜಲ ಸಿಕ್ಕಳು.

"ಈ ಮನ್ಯಾಗ ಅಂಜಬುರುಕರು ಯಾರು ಅಂತ ನನಗ ಗೊತ್ತೈತಿ. ಕ್ಲಾಸಿಗೆ ಹೋಗಿ ಗಾಡಿ ಕಲ್ತು, ಲೈಸನ್ಸ್ ಕಪಾಟಿನ್ಯಾಗ ಇಟ್ಟು, ಕಾರ್ ಕಂಡ್ರ ಬೆವರೋರು ಯಾರು?"

ಅದು ನಿಜವಾಗಿತ್ತು. ಎರಡು ವರ್ಷದ ಹಿಂದೆ ಲೈಸನ್ಸ್ ಬಂದ ದಿನವೇ ಕಾಜಲ ಕಾರನ್ನು ಗೇಟಿನ ಕಂಬಕ್ಕೆ ಗುದ್ದಿದ್ದಳು. ಕಂಬ ಬಿದ್ದಿತ್ತು. ಮಾವ ಕಂಬ ಕಟ್ಟಿಸಿದ್ದಲ್ಲದೆ, ಬಂದವರಿಗೆಲ್ಲ ಅದನ್ನು ತೋರಿಸಿದ್ದ. ಆಮೇಲೆ ಅವಳು ಕಾರಿನ ಮುಂದಿನ ಬಲಗಡೆಯ ಬಾಗಿಲನ್ನು ಮುಟ್ಟಿರಲಿಲ್ಲ. ಬ್ರಾಹ್ಮಿಯ ಶಾಲೆಯ ಸಮಾರಂಭಕ್ಕೂ ಬಸ್ಸಿಗೆ ಹೋಗುತ್ತಿದ್ದಳು.

ಕಾಜಲಳ ಮುಖ ಕೆಂಪಾಯಿತು. "ಆತ್ರಿ ಮಾವಾರ. ನಾ ಗಾಡಿ ಹೊಡದ್ರ ನೀವು ಹಲ್ಲು ತೋರಸ್ತೀರೇನು?"

"ನೀ ಗಾಡಿ ಹೊಡದ ದಿನ ನಾ ಬಾಯಿ ತಗೀತೀನಿ," ಅಂದ ಕಾಕಾಸಾಹೇಬ ಭಾರಿ ಧೈರ್ಯದಿಂದ. ಅವಳು ಹೊಡೆಯುವುದಿಲ್ಲ ಎಂಬ ನಂಬಿಕೆ ಅವನಿಗೆ ಅಷ್ಟಿತ್ತು.

ಮರುದಿನ ಬೆಳಿಗ್ಗೆ ಆರಕ್ಕೆ, ಒಣದ್ರಾಕ್ಷಿ ಶೆಡ್ಡಿನ ಮುಂದಿನ ಬಯಲಿನಲ್ಲಿ ಕಾರು ಗುರ್ರೆಂದಿತು. ಶ್ರೇಣಿಕ ಪಕ್ಕದಲ್ಲಿ ಕುಳಿತಿದ್ದ. ಎರಡು ಸಲ ಬಂದ್ ಆಯಿತು, ಮೂರನೆಯ ಸಲ ಕಪ್ಪೆಯಂತೆ ಜಿಗಿಯಿತು. ಗಂಡ "ಕ್ಲಚ್! ಕ್ಲಚ್!" ಎಂದು ಕೂಗಿದಷ್ಟೂ ಕಾಜಲಳ ಕಾಲು ತಪ್ಪುತ್ತಿತ್ತು. ನಾಲ್ಕನೆಯ ದಿನ ಅವಳೇ ಅವನನ್ನು ಇಳಿಸಿದಳು. "ನೀವು ಚೀರಿದ್ರ ನನಗ ಏನೂ ತಿಳಿಯೂದಿಲ್ಲ. ಅತ್ತೀರ, ನೀವು ಬರ್ರಿ."

"ನನಗೇನ ಬರ್ತದ ಗಾಡೀದು?"

"ಏನೂ ಬರೂದಿಲ್ಲಂತನ ಕರೀತೀನ್ರಿ."

ಜಿನಮತಿ ಸೆರಗು ಬಿಗಿದು, ಹಿಂದಿನ ಸೀಟಿನಲ್ಲಿ ಕುಳಿತು, ಕಣ್ಣು ಮುಚ್ಚಿ ಣಮೋಕಾರ ಮಂತ್ರ ಶುರುಮಾಡಿದಳು. ಒಂದು ಮಂತ್ರಕ್ಕೆ ಒಂದು ಸುತ್ತು. ಮೂರು ದಿನಕ್ಕೆ ಕಣ್ಣು ತೆರೆದು ಹೇಳತೊಡಗಿದಳು. ಐದನೆಯ ದಿನ ಮಂತ್ರ ಬಿಟ್ಟು, "ಆ ಕಡೆ ಎಮ್ಮಿ ಅದಾವ, ಈ ಕಡೆ ತಿರಗಸು," ಎಂದು ದಾರಿ ಹೇಳುವಷ್ಟಾದಳು. ಬ್ರಾಹ್ಮಿ ಶೆಡ್ಡಿನ ಕಟ್ಟೆಯ ಮೇಲೆ ಕುಳಿತು ಚಪ್ಪಾಳೆ ತಟ್ಟುತ್ತಿದ್ದಳು.

ಕಾಕಾಸಾಹೇಬ ದ್ರಾಕ್ಷಿ ಬಳ್ಳಿಗಳ ಸಂದಿನಿಂದ ಇದನ್ನೆಲ್ಲ ನೋಡುತ್ತಿದ್ದ. ಕಾರು ನೆಟ್ಟಗೆ ಹೋದಷ್ಟೂ ಅವನ ಹಲ್ಲು ಜೋರಾಗಿ ಜಗ್ಗುತ್ತಿತ್ತು. ಮೊದಲು ಶರತ್ತನ್ನು ಬದಲಿಸಿದ: "ಅಂಗಳದಾಗ ಹೊಡದದ್ದು ಹಿಡಿಯೂದಿಲ್ಲ, ರಸ್ತಾದಾಗ ಹೊಡೀಬೇಕು." ಕಾಜಲ ಆಗಲಿ ಅಂದಳು. ಅದರ ಮರುದಿನ ಕಾರಿನ ಚಾವಿ ಕಾಣಿಸಲಿಲ್ಲ.

ಮನೆಯೆಲ್ಲ ಹುಡುಕಿದರು. ಕಾಕಾಸಾಹೇಬನೂ ಎಲ್ಲರ ಜೊತೆ ಹುಡುಕಿದ, ಎಲ್ಲರಿಗಿಂತ ಹೆಚ್ಚು ಹುಡುಕಿದ, ಅಡುಗೆಮನೆಯ ಡಬ್ಬಿಗಳನ್ನೂ ಬಿಡಲಿಲ್ಲ. ಮಧ್ಯಾಹ್ನ ಜಿನಮತಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದಾಗ ಬಕೀಟಿನಲ್ಲಿ ಏನೋ ಟಣ್ ಅಂದಿತು.

ಅವಳು ಹಿಂಡಿ ಮೆತ್ತಿದ ಚಾವಿಯನ್ನು ಗಂಡನ ಮುಂದೆ ಹಿಡಿದಳು. "ಹಿಂಡಿ ಚೀಲಕ್ಕ ಇದು ತಾನಾಗೇ ನಡದು ಹೋಗಿತ್ತೇನ್ರಿ? ಎಮ್ಮಿ ನುಂಗಿದ್ರ?"

"ನುಂಗಿಲ್ಲಲ್ಲ ಈಗ," ಅಂದ ಕಾಕಾಸಾಹೇಬ.

"ಹೊಳ್ಯಾಗಿಂದ ಎಮ್ಮಿ ಉಳಿಸಿದ ಮನಿಷ್ಯಾ ಹಲ್ಲಿನ ಸಂಬಂಧ ಎಮ್ಮಿ ಕೊಲ್ಲಾಕ ಹೊಂಟಿದ್ರಿ."

ಕಾಕಾಸಾಹೇಬ ಚಾವಿ ಇಸಿದುಕೊಂಡು ಧೋತರದ ಅಂಚಿನಿಂದ ಒರೆಸತೊಡಗಿದ.

ಶನಿವಾರ ಬೆಳಿಗ್ಗೆ ಏಳುವಷ್ಟರಲ್ಲಿ ಕಾಕಾಸಾಹೇಬನ ಬಲಗೆನ್ನೆ ಊದಿ, ಕಣ್ಣು ಅರ್ಧ ಮುಚ್ಚಿತ್ತು. ಮೈ ಬಿಸಿಯಾಗಿತ್ತು. ಶ್ರೇಣಿಕ ದ್ರಾಕ್ಷಿ ತುಂಬುವ ಪೆಟ್ಟಿಗೆ ತರಲು ಟೆಂಪೋದಲ್ಲಿ ಸಾಂಗಲಿಗೆ ಹೋಗಿದ್ದ, ಬರುವುದು ಮಧ್ಯಾಹ್ನ. ಜಿನಮತಿ ಗಂಡನ ಹಣೆ ಮುಟ್ಟಿ ನೋಡಿ, ಸೊಸೆಯ ಮುಖ ನೋಡಿದಳು.

"ಹೊಡೀತಿ?"

ಕಾಜಲ ಗೇಟಿನ ಕಡೆ ನೋಡಿದಳು. ಬಯಲೇ ಬೇರೆ, ರಸ್ತೆಯೇ ಬೇರೆ. ಅದೂ ಕಬ್ಬಿನ ಸುಗ್ಗಿಯ ರಸ್ತೆ. "ಹೊಡೀತೀನ್ರಿ," ಅಂದಳು. ಅಂದ ಮೇಲೆ ನೀರು ಕುಡಿದಳು.

ಕಾಕಾಸಾಹೇಬ ಮುಂದಿನ ಸೀಟಿನಲ್ಲಿ ಕುಳಿತು ಎರಡೂ ಕೈಯಿಂದ ಬಾಗಿಲಿನ ಹಿಡಿಕೆ ಹಿಡಿದುಕೊಂಡ. ಗೇಟಿನ ಕಂಬಗಳ ನಡುವೆ ಕಾರು ದಾಟುವಾಗ ಇಬ್ಬರೂ ಉಸಿರು ಹಿಡಿದಿದ್ದರು. ದಾಟಿತು. ರಸ್ತೆಗೆ ಬಂದು ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮುಂದೆ ಕಬ್ಬಿನ ಟ್ರಾಕ್ಟರ್ ಸಿಕ್ಕಿತು. ಎರಡು ಟ್ರೇಲರ್, ಎರಡರಲ್ಲೂ ಮನೆಯೆತ್ತರದ ಕಬ್ಬು, ಇಂಜಿನ್ನಿನ ಮೇಲೆ ಡ್ರೈವರನಿಗಿಂತ ದೊಡ್ಡದಾದ ಸ್ಪೀಕರು. ಎತ್ತಿನ ಗಾಡಿಯ ವೇಗದಲ್ಲಿ ಹೋಗುತ್ತಿತ್ತು.

ಕಾಜಲ ಅದರ ಹಿಂದೆಯೇ ಹೋದಳು. ಬಲಕ್ಕೆ ತಿರುಗಿಸಲು ಕೈ ಬರಲಿಲ್ಲ. ಹಿಂದಿನಿಂದ ಮೋಟರಸೈಕಲ್ಲುಗಳು ಹಾರ್ನ್ ಹೊಡೆದು ದಾಟಿ ಹೋದವು. ಒಂದು ಬಸ್ಸೂ ಹೋಯಿತು.

"ಸಾವಕಾಶ ಹೋಗು. ಗಡಬಡ ಏನಿಲ್ಲ," ಅಂದ ಕಾಕಾಸಾಹೇಬ. ಈ ಟ್ರಾಕ್ಟರು ಅಥಣಿ ಮುಟ್ಟುವಷ್ಟರಲ್ಲಿ ದವಾಖಾನೆ ಮುಚ್ಚೀತೆಂಬ ಆಸೆ ಅವನಿಗೆ. "ನಮ್ಮ ಕಾಲದಾಗ ಬಂಡ್ಯಾಗ ಹೋಗತಿದ್ವಿ. ಏನಾತು?"

ಅಷ್ಟರಲ್ಲಿ ಕಾರು ಒಂದು ತಗ್ಗಿಗೆ ಇಳಿದು ಎದ್ದಿತು. ಕಾಕಾಸಾಹೇಬನ ಮೇಲಿನ ದವಡೆ ಕೆಳಗಿನ ದವಡೆಗೆ ಬಡಿಯಿತು. ಅವನು ಕೂಗಿದ ಕೂಗಿಗೆ ರಸ್ತೆಯ ಪಕ್ಕ ಮೇಯುತ್ತಿದ್ದ ಆಡು ತಲೆಯೆತ್ತಿತು.

"ಹೊಡೀ! ಏ ಹೊಡೀ ಬಲಕ್ಕ! ದಾಟ್ಸು ಅದನ್ನ!"

"ಎದರಿಗೆ ಏನರ ಬಂದ್ರ?"

"ಏನೂ ಬರಾಕತ್ತಿಲ್ಲ! ನಾ ನೋಡ್ತೀನಿ! ಹಾರ್ನ್ ಹೊಡಿ! ಹೊಡೀ ಬೇ, ನನ ಜೀಂವ ಹೊಂಟತಿ!"

ಕಾಜಲ ಹಾರ್ನ್ ಮೇಲೆ ಕೈಯಿಟ್ಟವಳು ತೆಗೆಯಲೇ ಇಲ್ಲ. ಕಾರು ಬಲಕ್ಕೆ ಸರಿಯಿತು. ಪಕ್ಕದಲ್ಲಿ ಕಬ್ಬಿನ ಗೋಡೆ ಒಂದು ಟ್ರೇಲರ್ ಉದ್ದ ಹೋಯಿತು, ಎರಡು ಟ್ರೇಲರ್ ಉದ್ದ ಹೋಯಿತು, ಸ್ಪೀಕರಿನ ಹಾಡು ಕಿವಿಗೆ ಹೊಡೆಯಿತು, ಆಮೇಲೆ ಮುಂದೆ ಬರೀ ರಸ್ತೆ. ಖಾಲಿ ರಸ್ತೆ. ಕಾಜಲ ಜೋರಾಗಿ ನಕ್ಕಳು. ಅಥಣಿ ಮುಟ್ಟುವಷ್ಟರಲ್ಲಿ ಇನ್ನೂ ಮೂರು ಟ್ರಾಕ್ಟರು ದಾಟಿಸಿದಳು. ಮೂರನೆಯದಕ್ಕೆ ಮಾವ, "ಇದನ್ನ ಬಿಡು, ಸಾಕು," ಅಂದರೂ ಕೇಳಲಿಲ್ಲ.

ದವಾಖಾನೆಯ ಡಾಕ್ಟರ್ ಗಂಗಾ ಮೂವತ್ತರ ಹೆಣ್ಣುಮಗಳು. ಕಾಕಾಸಾಹೇಬ ಅವಳ ಹಿಂದೆ ಮುಂದೆ ನೋಡಿದ. "ದೊಡ್ಡ ಡಾಕ್ಟರ್ ಇಲ್ಲೇನ್ರಿ?"

"ನಾನ ದೊಡ್ಡಾಕಿ. ಸಣ್ಣಾಕೀನೂ ನಾನ. ಕುಂಡರ್ರಿ ಕಾಕಾ."

ಕುರ್ಚಿ ತಾನಾಗಿಯೇ ಹಿಂದಕ್ಕೆ ಮಲಗಿದಾಗ ಕಾಕಾಸಾಹೇಬ ಎದ್ದು ಕೂರಲು ನೋಡಿದ. ಬಾಗಿಲಲ್ಲಿ ಕಾಜಲ ನಿಂತಿದ್ದಳು. ಅವಳ ರವಿಕೆ ಬೆವರಿನಿಂದ ತೊಯ್ದಿತ್ತು, ಕಾರಿನ ಚಾವಿ ಇನ್ನೂ ಮುಷ್ಟಿಯಲ್ಲೇ ಇತ್ತು. ಅವನು ಅದನ್ನು ನೋಡಿದ. ಮತ್ತೆ ಮಲಗಿ, ಕಣ್ಣು ಮುಚ್ಚಿ, ಬಾಯಿ ತೆರೆದ.

ಡಾಕ್ಟರು ಬೆಳಕು ಬಿಟ್ಟು ನೋಡಿದಳು. "ಹಲ್ಲು ಪೂರಾ ಹಾಳಾಗೇತಿ. ತಗೀಬೇಕು. ಆದ್ರ ಇವತ್ತಲ್ಲ. ಒಳಗ ಕೀವು ತುಂಬೇತಿ, ಊತ ಇಳೀಬೇಕು. ಐದು ದಿನ ಗುಳಿಗಿ ತಗೊಳ್ರಿ, ಗುರುವಾರ ಬರ್ರಿ."

ಕಾಕಾಸಾಹೇಬ ದಡಕ್ಕನೆ ಎದ್ದು ಕುಳಿತ. "ಇವತ್ತಲ್ಲ? ಇವತ್ತ ಕೀಳ್ರಿ!"

"ಆಗೂದಿಲ್ಲರಿ ಕಾಕಾ."

"ನಿಮಗ ತಿಳಿಯೂದಿಲ್ಲ. ಮೂರು ವಾರ ಹಿಡದೇತಿ ನನಗ ಇಲ್ಲಿ ಬಂದು ಕುಂಡ್ರಾಕ. ಇವತ್ತ ಹೆಂಗೋ ಕುಂತೀನಿ. ಮತ್ತ ಬರಾಕ ನನ್ನ ಕಡಿಂದ ಆಗೂದಿಲ್ಲ."

"ಯಾಕ ಆಗೂದಿಲ್ಲ?"

ಕಾಕಾಸಾಹೇಬ ಸೊಸೆಯನ್ನು ನೋಡಿದ, ಗೋಡೆಯ ಮೇಲಿದ್ದ ದೊಡ್ಡ ಹಲ್ಲಿನ ಚಿತ್ರವನ್ನು ನೋಡಿದ. "ಅಂಜಿಕಿ ಬರ್ತೇತ್ರಿ," ಅಂದ. ಸಣ್ಣ ದನಿಯಲ್ಲೇ ಅಂದ, ಆದರೆ ಅಂದ.

ಡಾಕ್ಟರು ನಗಲಿಲ್ಲ. "ಎಲ್ಲಾರಿಗೂ ಬರ್ತೇತಿ. ಹೋದ ವಾರ ಒಬ್ಬ ಪೈಲ್ವಾನ ಬಂದಿದ್ದ, ಅಳಾಕ ಹತ್ತಿದ್ದ. ಗುರುವಾರ ಹನ್ನೊಂದಕ್ಕ ಬರ್ರಿ. ಅಂಜಿಕೋತನ ಬರ್ರಿ, ನಡೀತೇತಿ."

ಮನೆಗೆ ಬರುವಾಗ, ಊರು ಹತ್ತಿರ ಬಂದಾಗ ಕಾಕಾಸಾಹೇಬ, "ರೊಟ್ಟಿದು... ರೊಟ್ಟಿ ಬರೋಬ್ಬರಿ ಇದ್ದವು," ಅಂದ. ಕಾಜಲ ಗೇರು ಬದಲಿಸುವುದರಲ್ಲಿದ್ದಳು. "ಏನಂದ್ರಿ ಮಾವಾರ?" ಅಂದಳು. "ಏನಿಲ್ಲ, ಮುಂದ ನೋಡಿ ಹೊಡಿ," ಅಂದ.

ಸೋಮವಾರ ವಿಕ್ರಾಂತ ಮತ್ತೆ ಬಂದ. ಕಾಕಾಸಾಹೇಬನ ಕೆನ್ನೆಯ ಊತ ಇನ್ನೂ ಪೂರಾ ಇಳಿದಿರಲಿಲ್ಲ. ಅವನು ಹಣ್ಣು ಬಾಯಿಗಿಟ್ಟರೆ ಕೆಲಸ ಕೆಡುವುದು ಖಚಿತ. ಶ್ರೇಣಿಕ ತಾನು ತಿಂದು ತೋರಿಸಿದರೆ, "ನೀ ಮಾರಾಂವ, ನೀ ಛೊಲೋನ ಅಂತಿ," ಅಂದ ವ್ಯಾಪಾರಿ.

ಜಿನಮತಿ ವ್ಯಾಪಾರಿಗಳ ಎದುರಿಗೆ ಬರುವವಳಲ್ಲ. ಚಹಾ ಕಳಿಸಿ, ಬಾಗಿಲ ಹಿಂದೆ ನಿಂತು ಕೇಳುವವಳು. ಅಂದು ಸೆರಗು ತಲೆಗೆಳೆದುಕೊಂಡು ಅಂಗಳ ದಾಟಿ ತೋಟಕ್ಕೆ ಬಂದಳು. ಯಾರನ್ನೂ ಕೇಳದೆ ಒಂದು ಗೊಂಚಲು ಕತ್ತರಿಸಿ, ಬಳ್ಳಿಯ ನೆರಳಲ್ಲಿ ನಿಂತು ಒಂದೊಂದಾಗಿ ತಿನ್ನತೊಡಗಿದಳು. ಹೊಗಳಲಿಲ್ಲ, ಮಾತೇ ಆಡಲಿಲ್ಲ. ಹತ್ತಾಯಿತು, ಹದಿನೈದಾಯಿತು. ಬೀಜವಿಲ್ಲದ ಹಣ್ಣು, ನಿಲ್ಲುವ ಕೆಲಸವಿರಲಿಲ್ಲ. ಗೊಂಚಲು ಅರ್ಧವಾದಾಗ ವಿಕ್ರಾಂತನ ಬಾಯಲ್ಲಿ ನೀರೂರಿತು.

"ನನಗೂ ಒಂದೀಟು ಕೊಡ್ರಿ ಕಾಕೂ."

"ನಿಮಗ ಹುಳಿ ಆಕ್ಕಾವ ಅಂದಿದ್ರಲ್ಲರಿ," ಅಂದಳು ಜಿನಮತಿ. ಅಂದು, ಉಳಿದರ್ಧವನ್ನು ಅವನ ಕೈಗಿಟ್ಟಳು.

ಮಾತು ಅರ್ಧ ತಾಸಿನಲ್ಲಿ ಮುಗಿಯಿತು. ಬುಧವಾರ ಕೊಯ್ಲು ಶುರುವಾಯಿತು. ಒಳಗೆ ಹೋದ ಮೇಲೆ ಜಿನಮತಿಗೆ ಬಿಕ್ಕಳಿಕೆ ಹತ್ತಿ ಒಂದು ತಾಸು ನಿಲ್ಲಲಿಲ್ಲ.

ಗುರುವಾರ ಬೆಳಿಗ್ಗೆ ಶ್ರೇಣಿಕ ಚಾವಿ ತೆಗೆದುಕೊಂಡ. "ನಡೀರಿ ಅಪ್ಪಾ, ನಾ ಕರಕೊಂಡು ಹೋಗ್ತೀನಿ."

"ನೀ ಕೊಯ್ಲ ನೋಡು. ಕಾಜಲ ಹೊಡೀಲಿ," ಅಂದ ಕಾಕಾಸಾಹೇಬ. ಬೆಳಿಗ್ಗೆಯಿಂದ ಮೂರು ಸಲ ಟೊಪ್ಪಿಗೆ ಬದಲಿಸಿದ್ದ. ಬ್ರಾಹ್ಮಿ ಶಾಲೆಗೆ ಹೋಗುವ ಮುನ್ನ ಅಜ್ಜನ ಮುಂದೆ ನಿಂತು, "ಅಂಜಿಕಿ ಆಗೇತೇನ್ರಿ?" ಅಂದಳು. "ಆಗೇತಿ, ಹೋಗು ನೀ," ಅಂದ.

ಅಂದು ಅಥಣಿಯಲ್ಲಿ ಎಲ್ಲಿ ನೋಡಿದರೂ ಗಾಡಿ. ದವಾಖಾನೆಯ ಮುಂದೆ ಜಾಗವಿರಲಿಲ್ಲ. ಕಾಜಲ ಪಕ್ಕದ ಓಣಿಗೆ ಕಾರು ನುಗ್ಗಿಸಿ ನಿಲ್ಲಿಸಿದಳು.

ಒಳಗೆ ಡಾಕ್ಟರು ಸೂಜಿ ಚುಚ್ಚಿದಾಗ ಕಾಕಾಸಾಹೇಬ ಕುರ್ಚಿಯ ಕೈ ಹಿಡಿದು ಕಣ್ಣು ಬಿಗಿದ. ಸ್ವಲ್ಪ ಹೊತ್ತಿಗೆ ಅರ್ಧ ಮುಖ ತನ್ನದಲ್ಲವೆನ್ನುವಂತಾಯಿತು. ಏನೋ ಒತ್ತಿದಂತಾಯಿತು, ಏನೋ ಕಟ್ ಅಂದಿತು. ಅವನು ಕಣ್ಣು ಮುಚ್ಚಿಕೊಂಡೇ ಕಾದ. ಕೊನೆಗೆ ಕೈಯೆತ್ತಿ, ಶುರು ಮಾಡ್ರಿ ಎಂದು ಸನ್ನೆ ಮಾಡಿದ.

"ಆತ್ರಿ ಕಾಕಾ," ಅಂದಳು ಡಾಕ್ಟರು. ತಟ್ಟೆಯಲ್ಲಿ ಹಲ್ಲು ಬಿದ್ದಿತ್ತು. ಕಾಕಾಸಾಹೇಬ ಅದನ್ನು ಅಪನಂಬಿಕೆಯಿಂದ ನೋಡಿದ. ಶೇಂಗಾ ಬೀಜದಷ್ಟೇ ಇತ್ತು.

"ಈ ಹತ್ತಿ ಕಚ್ಚಿ ಹಿಡೀರಿ. ಒಂದು ತಾಸು ಮಾತಾಡಬ್ಯಾಡ್ರಿ."

ಹೊರಗೆ ಬಂದು ಇಬ್ಬರೂ ಕಾರಿನ ಹತ್ತಿರ ನಿಂತಾಗಲೇ ಕಾಜಲ ಓಣಿಯನ್ನು ಸರಿಯಾಗಿ ನೋಡಿದ್ದು. ಓಣಿಯ ಕೊನೆಗೆ ಗೋಡೆ. ತಿರುಗಿಸಲು ಜಾಗವಿಲ್ಲ. ಹಿಮ್ಮುಖವಾಗಿಯೇ ಬಜಾರದ ರಸ್ತೆಗೆ ಹೋಗಬೇಕು. ಬಯಲಿನಲ್ಲಿ ಅವಳು ಹಿಂದಕ್ಕೆ ಹೊಡೆದದ್ದು ಎರಡೇ ಸಲ. ಎರಡೂ ಸಲ ಕೊನೆಗೆ ಶ್ರೇಣಿಕನೇ ಕುಳಿತು ಸರಿಮಾಡಿದ್ದ.

"ಮಾವಾರ, ಯಾರನರ ಕರಿಯೂಣೇನ್ರಿ? ಆ ಅಂಗಡಿಯೋರಿಗೆ ಹೇಳಿದ್ರ ತಗದು ಕೊಡ್ತಾರ."

ಕಾಕಾಸಾಹೇಬ ತಲೆಯಲ್ಲಾಡಿಸಿದ. ಅವಳನ್ನು ತೋರಿಸಿ, ಸ್ಟೇರಿಂಗ್ ತಿರುಗಿಸುವಂತೆ ಕೈ ಮಾಡಿದ. ಆಮೇಲೆ ತನ್ನನ್ನು ತೋರಿಸಿಕೊಂಡು, ಧೋತರ ಎತ್ತಿ ಕಟ್ಟಿ, ಓಣಿಯಿಂದ ಹೊರಗೆ ನಡೆದ.

ಬಜಾರದ ರಸ್ತೆಯ ನಟ್ಟನಡುವೆ ಹೋಗಿ ಎರಡೂ ಕೈ ಚಾಚಿ ನಿಂತ. ಹತ್ತಿಗೆ ಉಬ್ಬಿದ ಕೆನ್ನೆ, ಸೊಟ್ಟ ತುಟಿ. ಬಾಳೆಹಣ್ಣಿನ ಗಾಡಿಯವನು ನಿಂತ. ಎರಡು ಮೋಟರಸೈಕಲ್ಲು ನಿಂತವು. ಖಾಲಿ ಕಬ್ಬಿನ ಟ್ರಾಕ್ಟರು ಬ್ರೇಕು ಹಾಕಿತು. ಅದರ ಹಿಂದಿನಿಂದ ಬಸ್ಸು ಬಂದು, ಟ್ರಾಕ್ಟರನ್ನು ದಾಟಿ, ಅವನ ಎದೆಗೆ ನಾಲ್ಕು ಮೊಳ ಉಳಿದಾಗ ಕಿರ್ರೆಂದು ನಿಂತಿತು. ಹಾರ್ನಿಗೆ ಬಜಾರವೇ ತಿರುಗಿ ನೋಡಿತು.

ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ. "ಏ ಯಜಮಾನ್ರ! ಬಸ್ಸಿನ ಮುಂದ ಬಂದು ನಿಂದರ್ತೀರಲ್ಲ, ಬ್ರೇಕ್ ಹತ್ತಿಲ್ಲ ಅಂದ್ರ? ಅಂಜಿಕಿ ಇಲ್ಲೇನ್ ನಿಮಗ?"

ಕಾಕಾಸಾಹೇಬ ಹತ್ತಿಯನ್ನು ನಾಲಿಗೆಯಿಂದ ಒತ್ತಟ್ಟಿಗೆ ಸರಿಸಿದ.

"ಐತ್ರೀ," ಅಂದ. "ಭಾಳ ಐತಿ. ತಡೀರಿ ಒಂದೀಟು."

ಕೈ ಮಾತ್ರ ಇಳಿಸಲಿಲ್ಲ. ಅವನ ಬೆನ್ನ ಹಿಂದೆ, ಓಣಿಯೊಳಗಿನಿಂದ, ಬಿಳಿ ಕಾರಿನ ಹಿಂಭಾಗ ಒಂದೊಂದೇ ಗೇಣು ಹೊರಗೆ ಬರುತ್ತಿತ್ತು.